‘ಹೀಗಿರಲಿ’ ಎಂಬ ಮಾತು

ರಾಮಗಿರಿಯ ಯಕ್ಷನು ಆಷಾಢದ ಮೋಡವನ್ನು ಕಂಡು, ಅಲಕಾನಗರಿಯ ದಾರಿಯನ್ನು ವಿವರಿಸಿ, ತನ್ನ ಸಂದೇಶವನ್ನು ಅದರ ಕೈಯಲ್ಲಿ ಒಪ್ಪಿಸಿದ ಕಥೆಯನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಜಡವಾದ ಮೋಡವು ಸಂದೇಶವನ್ನು ಹೇಗೆ ಹೊತ್ತೀತು ಎಂಬ ಸಂಶಯ ಕವಿಗೇ ಬಂದಿತ್ತು. ವಿರಹಿಗೆ ಮಾತ್ರ ಬರಲಿಲ್ಲ. ಇಂದು ನಾವೆಲ್ಲರೂ ಯಕ್ಷರೇ. ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ಟು, ಮೊಮ್ಮಗುವಿನ ನಾಮಕರಣದ ಚಿತ್ರ ಎಲ್ಲವನ್ನೂ ‘ಕ್ಲೌಡ್’ ಎಂಬ ಹೆಸರಿನ ಮೋಡಕ್ಕೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ. ಆದರೆ ಈ ಮೋಡವಿರುವುದು ಆಕಾಶದಲ್ಲಲ್ಲ. ಅದು ನೆಲದ ಮೇಲೆ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ, ಸಾಲುಸಾಲಾಗಿ ಜೋಡಿಸಿಟ್ಟ ಸಾವಿರಾರು ಸರ್ವರುಗಳ ರೂಪದಲ್ಲಿದೆ. ಯಂತ್ರವೆಂದ ಮೇಲೆ ಕೆಡುವುದು ಅದರ ಧರ್ಮ. ಹಾಗಿದ್ದೂ ನಮ್ಮ ಕೆಲಸ ಕೆಡದೆ ನಡೆಯುತ್ತಿದೆಯಲ್ಲ, ಅದು ಹೇಗೆ?

ಈ ಪ್ರಶ್ನೆ ನನ್ನ ಮನಸ್ಸನ್ನು ಹೊಕ್ಕುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬೆಂಗಳೂರಿನಲ್ಲಿ ಇಂಥ ಸರ್ವರುಗಳ ಮೇಲ್ವಿಚಾರಣೆಯ ಕೆಲಸದಲ್ಲಿರುವ ಆತ ಹಬ್ಬಕ್ಕೆ ಊರಿಗೆ ಬಂದಿದ್ದ. “ಅಷ್ಟೊಂದು ಯಂತ್ರಗಳನ್ನು ನೀನೊಬ್ಬನೇ ಹೇಗಪ್ಪ ನೋಡಿಕೊಳ್ಳುತ್ತೀ?” ಎಂದು ಕೇಳಿದೆ. “ನಾನು ಒಂದು ಫೈಲು ಬರೆದಿಡುತ್ತೇನೆ, ಮೇಷ್ಟ್ರೇ. ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ” ಎಂದ. ‘ಅದೇ’ ಎಂದರೆ ಯಾರು ಎಂದು ಕೇಳಿದಾಗ ಆತ ನಕ್ಕು ಸುಮ್ಮನಾದ. ಆ ‘ಅದೇ’ ಎಂಬುದರ ಹಿಂದೆ ಒಬ್ಬ ಮನುಷ್ಯನ ಬಹುಕಾಲದ ಚಿಂತನೆ ಇದೆಯೆಂಬುದನ್ನು ಆಮೇಲೆ ಓದಿ ತಿಳಿದೆ. ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಆ ಚಿಂತನೆಯನ್ನು ಅರಿಯದೆ ಅದರ ಫಲವನ್ನು ಮಾತ್ರ ಉಣ್ಣುತ್ತಿರುವುದು ಒಳ್ಳೆಯದಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಕೈಕೆಲಸದ ಕಷ್ಟವನ್ನು ಮೊದಲು ತಿಳಿಯಬೇಕು. ಒಂದು ಸರ್ವರನ್ನು ಕೆಲಸಕ್ಕೆ ಸಿದ್ಧಗೊಳಿಸಲು ಹತ್ತಾರು ಸಣ್ಣ ಕೆಲಸಗಳಿವೆ: ಬೇಕಾದ ಸಾಫ್ಟ್‌ವೇರುಗಳನ್ನು ಹಾಕುವುದು, ಯಾರಿಗೆ ಪ್ರವೇಶವುಂಟು ಯಾರಿಗಿಲ್ಲವೆಂದು ಗೊತ್ತುಮಾಡುವುದು, ಬೇಡದ ಬಾಗಿಲುಗಳನ್ನು ಮುಚ್ಚುವುದು ಇತ್ಯಾದಿ. ಒಂದು ಯಂತ್ರಕ್ಕಾದರೆ ಒಬ್ಬ ಜಾಗರೂಕ ಮನುಷ್ಯ ಸಾಕು. ನೂರಕ್ಕಾದರೆ? ನೂರೇಕೆ, ಎಂಟು ಯಂತ್ರಗಳೇ ಒಂದು ಸಂಸ್ಥೆಯನ್ನು ಮುಳುಗಿಸಿದ ಕಥೆಯುಂಟು. ಅಮೆರಿಕದ ಷೇರುಪೇಟೆಯಲ್ಲಿ ವ್ಯವಹರಿಸುತ್ತಿದ್ದ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ 2012ರಲ್ಲಿ ತನ್ನ ಎಂಟು ಸರ್ವರುಗಳಿಗೆ ಹೊಸ ಪ್ರೋಗ್ರಾಮನ್ನು ಹಾಕಿಸಬೇಕಾಗಿತ್ತು. ಏಳಕ್ಕೆ ಹಾಕಿದ್ದಾಯಿತು, ಎಂಟನೆಯದಕ್ಕೆ ಬಿಟ್ಟುಹೋಯಿತು. ಬಿಟ್ಟುಹೋದುದು ಯಾರ ಕಣ್ಣಿಗೂ ಬೀಳಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದಾಗ, ಎಂದೋ ಬಳಕೆಯಿಂದ ಹೊರಗಾಗಿದ್ದ ಹಳೆಯ ಪ್ರೋಗ್ರಾಮಿನ ಭಾಗವೊಂದು ಆ ಎಂಟನೆಯ ಯಂತ್ರದಲ್ಲಿ ಎಚ್ಚೆತ್ತು, ಯಾರೂ ಹೇಳದ ಕೊಳ್ಳುವಿಕೆ ಮಾರುವಿಕೆಗಳನ್ನು ಲಕ್ಷಗಟ್ಟಲೆ ನಡೆಸತೊಡಗಿತು. ಸುಮಾರು 45 ನಿಮಿಷಗಳ ಈ ಅವಾಂತರದಿಂದಾದ ನಷ್ಟ 44 ಕೋಟಿ ಡಾಲರುಗಳಿಗೂ ಮಿಗಿಲು. ಮರುವರ್ಷವೇ ಆ ಸಂಸ್ಥೆ ಮತ್ತೊಂದರಲ್ಲಿ ಸೇರಿಹೋಯಿತು. ಮಾಡಿದ ಕೆಲಸವನ್ನು ಎರಡನೆಯವನೊಬ್ಬನು ಪರಿಶೀಲಿಸಬೇಕೆಂಬ ಲಿಖಿತ ಕ್ರಮವೂ ಅಲ್ಲಿ ಇರಲಿಲ್ಲವೆಂದು ತನಿಖೆಯಿಂದ ತಿಳಿದುಬಂದಿತು.

ಈ ಅನಾಹುತಕ್ಕೆ ಎರಡು ದಶಕಗಳಷ್ಟು ಮೊದಲೇ ಅದರ ಮದ್ದನ್ನು ಅರಸುತ್ತಿದ್ದವರೊಬ್ಬರು ನಾರ್ವೆ ದೇಶದಲ್ಲಿದ್ದರು. ಅವರೇ ಮಾರ್ಕ್ ಬರ್ಜೆಸ್. ಬ್ರಿಟನ್ನಿನಿಂದ ಬಂದ ಈ ಮಹಾಶಯರು ವೃತ್ತಿಯಿಂದ ಯಂತ್ರಪಾಲಕರಲ್ಲ. ಸೈದ್ಧಾಂತಿಕ ಭೌತವಿಜ್ಞಾನದ ವಿದ್ವಾಂಸರು. ಓಸ್ಲೋ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೊರೆಯೂ ಅವರ ಹೆಗಲಿಗೆ ಬಿತ್ತು. ಆ ಯಂತ್ರಗಳೆಲ್ಲ ಯೂನಿಕ್ಸ್ ಎಂಬ ಒಂದೇ ಕುಲದವು. ಆದರೆ ತಯಾರಕನಿಗೊಂದು ಪ್ರಭೇದ, ಪ್ರಭೇದಕ್ಕೊಂದು ಆಡುನುಡಿ. ಒಂದಕ್ಕೆ ಬರೆದ ಆಜ್ಞೆಗಳ ಸರಣಿ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಈ ಬೇಸರದಿಂದ 1993ರಲ್ಲಿ ಅವರು ಸಿಎಫ್ ಎಂಜಿನ್ ಎಂಬ ಪ್ರೋಗ್ರಾಮನ್ನು ರಚಿಸಿ, ಯಾರು ಬೇಕಾದರೂ ಓದಿ, ಬಳಸಿ, ತಿದ್ದುವಂತೆ ಲೋಕಕ್ಕೆ ಬಿಟ್ಟುಕೊಟ್ಟರು.

ಅದರಲ್ಲಿದ್ದ ಹೊಸತನವನ್ನು ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅವರು ‘ಮಾಡು’ ಎಂಬ ಕ್ರಿಯಾಪದವನ್ನು ಬಿಟ್ಟು ‘ಇರಲಿ’ ಎಂಬುದನ್ನು ಹಿಡಿದರು. ಎರಡೂ ವಿಧ್ಯರ್ಥವೇ. ಆದರೆ ಎರಡಕ್ಕೂ ಇರುವ ಅಂತರವನ್ನು ಬಚ್ಚಲಮನೆಯ ಹಂಡೆಯಿಂದ ತಿಳಿಯಬಹುದು. “ಹಂಡೆಗೆ ಹತ್ತು ಕೊಡ ನೀರು ಹಾಕು” ಎಂದು ಮನೆಯ ಹುಡುಗನಿಗೆ ಹೇಳಿದೆವೆನ್ನೋಣ. ಹಂಡೆಯಲ್ಲಿ ಆಗಲೇ ಅರ್ಧ ನೀರಿದ್ದರೆ ಬಚ್ಚಲು ತುಂಬಿ ಹರಿಯುತ್ತದೆ. ನಡುವೆ ಅವನನ್ನು ಯಾರೋ ಕೂಗಿ, ಎಷ್ಟು ಕೊಡ ಹಾಕಿದೆನೆಂಬುದು ಮರೆತರೆ ಮತ್ತೆ ಮೊದಲಿನಿಂದ ಗೊಂದಲ. ಅದರ ಬದಲು “ಹಂಡೆಯಲ್ಲಿ ಸದಾ ಕಂಠದವರೆಗೆ ನೀರಿರಲಿ” ಎಂದು ಹೇಳಿದರೆ? ಅವನು ಬಗ್ಗಿ ನೋಡುತ್ತಾನೆ. ಕಡಮೆಯಿದ್ದರೆ ಹಾಕುತ್ತಾನೆ, ತುಂಬಿದ್ದರೆ ಸುಮ್ಮನೆ ಹೋಗುತ್ತಾನೆ. ಈ ಮಾತನ್ನು ಒಮ್ಮೆ ಹೇಳಿದರೂ ಒಂದೇ, ನೂರು ಸಲ ಹೇಳಿದರೂ ಒಂದೇ. ಎಲ್ಲಿಂದ ಹೊರಟರೂ, ಎಷ್ಟು ಸಲ ಅಡ್ಡಿ ಬಂದರೂ, ಬಂದು ಸೇರುವ ನೆಲೆ ಒಂದೇ. ಬರ್ಜೆಸ್ಸರ ಪ್ರೋಗ್ರಾಮು ಆಗಾಗ ಎದ್ದು ಯಂತ್ರದ ಸ್ಥಿತಿಯನ್ನು ನೋಡುತ್ತಿತ್ತು, ಬರೆದಿಟ್ಟ ಸ್ಥಿತಿಯೊಡನೆ ಹೋಲಿಸುತ್ತಿತ್ತು, ವ್ಯತ್ಯಾಸವಿದ್ದಷ್ಟನ್ನೇ ತಿದ್ದುತ್ತಿತ್ತು. ಕೇಳುವುದಕ್ಕೆ ಇಷ್ಟು ಸರಳವಾದ ಮಾತು ಅಂದಿನ ಯಂತ್ರಪಾಲಕರ ಕೆಲಸದ ರೀತಿಯನ್ನೇ ತಿರುವಿಹಾಕಿತು.

ಅವರು ಅಲ್ಲಿಗೆ ನಿಲ್ಲಲಿಲ್ಲ. 1998ರಲ್ಲಿ ‘ಕಂಪ್ಯೂಟರ್ ಇಮ್ಯುನಾಲಜಿ’ ಎಂಬ ಪ್ರಬಂಧವನ್ನು ಮಂಡಿಸಿ, ಗಾಯವಾದರೆ ವೈದ್ಯನು ಬರುವ ಮೊದಲೇ ದೇಹವು ತನ್ನನ್ನು ತಾನು ವಾಸಿಮಾಡಿಕೊಳ್ಳಲು ತೊಡಗುವಂತೆ ಕಂಪ್ಯೂಟರೂ ತನ್ನ ಆರೋಗ್ಯವನ್ನು ತಾನೇ ಕಾಯಬೇಕೆಂದು ವಾದಿಸಿದರು. 2004-05ರ ಸುಮಾರಿಗೆ ಇನ್ನೂ ಆಳಕ್ಕಿಳಿದು ‘ಪ್ರಾಮಿಸ್ ಥಿಯರಿ’ ಎಂಬ ಸಿದ್ಧಾಂತವನ್ನು ಕಟ್ಟಿದರು. ನಮ್ಮ ಮಾತಿನಲ್ಲಿ ಅದನ್ನು ವಾಗ್ದಾನದ ಸಿದ್ಧಾಂತವೆನ್ನಬಹುದು. ಇದರ ತಿರುಳನ್ನು ತಿಳಿಯಲು ಕನ್ನಡಿಗರಿಗೆ ದೂರ ಹೋಗಬೇಕಾದುದಿಲ್ಲ. ಪುಣ್ಯಕೋಟಿಯ ಕಥೆಯನ್ನು ನೆನೆದರೆ ಸಾಕು. ಆ ಹಸು ಹುಲಿಗೆ ಮಾತು ಕೊಟ್ಟಿತು. ಯಾವುದರ ಬಗೆಗೆ? ತಾನು ಮರಳಿ ಬರುವುದರ ಬಗೆಗೆ ಮಾತ್ರ. ಹುಲಿಯು ಏನು ಮಾಡಬೇಕೆಂದು ಅದು ಹೇಳಲಿಲ್ಲ, ಹೇಳಲೂ ಆಗದು. ಬರ್ಜೆಸ್ ಹೇಳುವುದೂ ಇದನ್ನೇ: ಪ್ರತಿಯೊಂದು ಯಂತ್ರವೂ ತನ್ನ ನಡತೆಯ ಬಗೆಗೆ ಮಾತ್ರ ಮಾತು ಕೊಡಬಲ್ಲುದು, ಇನ್ನೊಂದರ ಪರವಾಗಿ ಕೊಟ್ಟ ಮಾತಿಗೆ ಬೆಲೆಯಿಲ್ಲ. ಹೊರಗಿನಿಂದ ಹೇರಿದ ಅಪ್ಪಣೆಯು ಕೇಳುವವನು ಒಪ್ಪದಿದ್ದರೆ, ಅಥವಾ ಅವನ ಕಿವಿಗೇ ತಲುಪದಿದ್ದರೆ, ಗಾಳಿಯಲ್ಲಿ ಹೋಗುತ್ತದೆ. ಆದುದರಿಂದ ದೊಡ್ಡ ವ್ಯವಸ್ಥೆಯೊಂದನ್ನು ಕಟ್ಟುವವನು ನಡುವೆ ಒಬ್ಬ ದೊರೆಯನ್ನು ಕೂರಿಸಿ ಎಲ್ಲರಿಗೂ ಆಜ್ಞೆ ಕೊಡಿಸುವುದಕ್ಕಿಂತ, ತಮ್ಮ ತಮ್ಮ ಮಾತನ್ನು ತಾವು ಉಳಿಸಿಕೊಳ್ಳುವ ಸಣ್ಣ ಸಣ್ಣ ಘಟಕಗಳನ್ನು ಸೇರಿಸುವುದೇ ಲೇಸು. ಮಾತು ತಪ್ಪುವ ಸಂಭವವನ್ನು ಮೊದಲೇ ಎಣಿಸಿಟ್ಟುಕೊಂಡಿರುವುದು ಈ ಸಿದ್ಧಾಂತದ ದೊಡ್ಡ ಗುಣ. ಯಂತ್ರಗಳ ವಿಚಾರವಾಗಿ ಹೊರಟ ಚಿಂತನೆಯೊಂದು ನೀತಿಯ ಅಂಗಳಕ್ಕೆ ಬಂದು ನಿಂತುದನ್ನು ಕಂಡು ನನಗೆ ಸಂತೋಷವಾಯಿತು.

ಬೀಜ ಬಿದ್ದ ಮೇಲೆ ಪೈರು ಹಬ್ಬಲು ತಡವಾಗಲಿಲ್ಲ. ಸಿಎಫ್ ಎಂಜಿನ್ನನ್ನು ಬಳಸಿ ಪಳಗಿದ್ದ ಲ್ಯೂಕ್ ಕೇನೀಸ್ 2005ರಲ್ಲಿ ‘ಪಪೆಟ್’ ಎಂಬುದನ್ನು ರಚಿಸಿದರು. 2006ರಲ್ಲಿ ಅಮೆಜಾನ್ ಸಂಸ್ಥೆ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದಾಗ, ಯಂತ್ರವನ್ನು ಕೊಳ್ಳುವ ಕೆಲಸವೂ ಬರೆಯುವ ಕೆಲಸವಾಯಿತು. 2014ರಲ್ಲಿ ಬಂದ ಟೆರಾಫಾರ್ಮ್, ಎಷ್ಟು ಸರ್ವರುಗಳು ಬೇಕು, ಯಾವುದಕ್ಕೆ ಯಾವುದರ ಸಂಪರ್ಕ ಎಂಬುದನ್ನೆಲ್ಲ ಒಂದು ಬರಹವಾಗಿಸಿತು. ಅದೇ ವರ್ಷ ಗೂಗಲ್ ಸಂಸ್ಥೆ ಕುಬರ್ನೆಟಿಸ್ಸನ್ನು ಹೊರತಂದಿತು. ಗ್ರೀಕ್ ಭಾಷೆಯ ಈ ಪದಕ್ಕೆ ಚುಕ್ಕಾಣಿ ಹಿಡಿದವನೆಂದು ಅರ್ಥ. ಇದು ಹುಟ್ಟಿದುದು ಗೂಗಲ್ಲಿನವರು ತಮ್ಮೊಳಗೇ ನಡೆಸುತ್ತಿದ್ದ ‘ಬೋರ್ಗ್’ ಎಂಬ ವ್ಯವಸ್ಥೆಯ ಅನುಭವದಿಂದ. ಬರ್ಜೆಸ್ಸರ ನೇರ ಸಂತತಿಯಲ್ಲ. ಆದರೂ ಒಳಗಿನ ಆಲೋಚನೆ ಅದೇ ಹಂಡೆಯದು. “ಈ ಕೆಲಸಕ್ಕೆ ಮೂರು ಪ್ರತಿಗಳು ಸದಾ ನಡೆಯುತ್ತಿರಲಿ” ಎಂದು ಬರೆದಿಟ್ಟರೆ, ಯಂತ್ರಗಳ ಸಮೂಹದಲ್ಲಿ ಒಂದು ಸತ್ತು ಪ್ರತಿಗಳು ಎರಡಕ್ಕಿಳಿದಾಗ, ಬದುಕಿರುವ ಇನ್ನೊಂದರ ಮೇಲೆ ಮೂರನೆಯದನ್ನು ಎಬ್ಬಿಸುತ್ತದೆ. ನಡುರಾತ್ರಿಯಲ್ಲಿ ಯಾರೂ ಹಾಸಿಗೆ ಬಿಟ್ಟು ಏಳಬೇಕಾಗಿಲ್ಲ. ನನ್ನ ವಿದ್ಯಾರ್ಥಿಯ ‘ಅದೇ’ ಎಂದರೆ ಇದು.

ಇಷ್ಟೆಲ್ಲ ಹೊಗಳಿದ ಮೇಲೆ ಆಕ್ಷೇಪವನ್ನೂ ಎತ್ತಬೇಕಾದುದು ನ್ಯಾಯ. ಹೇಳಿದುದನ್ನು ತಪ್ಪದೆ ನಡೆಸುವ ಸೇವಕನು ಹೇಳಿದ ತಪ್ಪನ್ನೂ ತಪ್ಪದೆ ನಡೆಸುತ್ತಾನೆ. ಕೈಯಿಂದ ಮಾಡುವವನು ಒಂದು ಯಂತ್ರವನ್ನು ಕೆಡಿಸುವಷ್ಟರಲ್ಲಿ, ಬರೆದು ಮಾಡಿಸುವವನು ಸಾವಿರವನ್ನು ಕೆಡಿಸಬಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ ದಿನನಿತ್ಯದ ಪರಿಶೀಲನೆಗೆಂದು ಕೊಟ್ಟ ಒಂದು ಆಜ್ಞೆ ಅದರ ಕೇಂದ್ರಗಳನ್ನು ಒಂದಕ್ಕೊಂದು ಜೋಡಿಸಿದ್ದ ಜಾಲವನ್ನೆಲ್ಲ ಕಡಿದುಹಾಕಿತು. ಇಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಕಾವಲು ಪ್ರೋಗ್ರಾಮಿನಲ್ಲಿಯೇ ದೋಷವಿತ್ತು. ಮುಂದಿನದು ಇನ್ನೂ ವಿಚಿತ್ರ: ಆ ಸಂಸ್ಥೆಯ ವಿಳಾಸವನ್ನು ಲೋಕಕ್ಕೆ ಹೇಳುವ ಸರ್ವರುಗಳು, ತಮಗೆ ಕೇಂದ್ರ ಕಾಣದಿದ್ದುದರಿಂದ, ತಮ್ಮಲ್ಲಿಯೇ ಏನೋ ಕೆಟ್ಟಿದೆಯೆಂದು ಬಗೆದು, ಬರೆದಿಟ್ಟ ನಿಯಮದಂತೆ ಹಿಂದೆ ಸರಿದವು. ಪ್ರತಿಯೊಂದೂ ತನ್ನ ಮಾತನ್ನು ಉಳಿಸಿಕೊಂಡಿತು. ಒಟ್ಟಿನಲ್ಲಿ ಎಲ್ಲವೂ ನಿಂತಿತು. ಸುಮಾರು ಆರು ಗಂಟೆಗಳ ಕಾಲ ಲೋಕಕ್ಕೆ ಫೇಸ್‌ಬುಕ್ಕೂ ಇಲ್ಲ, ವಾಟ್ಸಾಪೂ ಇಲ್ಲ. ಕೊನೆಗೆ ಮನುಷ್ಯರೇ ಆ ಕಟ್ಟಡಗಳಿಗೆ ಹೋಗಿ, ಯಂತ್ರಗಳ ಮುಂದೆ ನಿಂತು, ಕೈಯಾರೆ ಸರಿಪಡಿಸಬೇಕಾಯಿತು.

ಹಾಗಾದರೆ ಸ್ವಯಂಚಾಲನೆ ಬೇಡವೆ? ಬೇಡವೆನ್ನುವುದು ಅವಿವೇಕ. ಎಂಟು ಯಂತ್ರಗಳಲ್ಲಿ ಒಂದನ್ನು ಮರೆಯುವ ಮನುಷ್ಯನ ಕೈಗೆ ಲಕ್ಷ ಯಂತ್ರಗಳನ್ನು ಕೊಡಲಾಗದು. ನಾನು ಹೇಳುವುದಿಷ್ಟೆ: ಈ ವಿದ್ಯೆ ಮನುಷ್ಯನ ಹೊಣೆಯನ್ನು ಕಳೆಯಲಿಲ್ಲ, ಅದನ್ನು ಕೈಯಿಂದ ಮಾತಿಗೆ ವರ್ಗಾಯಿಸಿತು. ಮೊದಲು ಜಾಗರೂಕತೆ ಬೆರಳಿನಲ್ಲಿ ಇರಬೇಕಾಗಿತ್ತು. ಈಗ ವಾಕ್ಯದಲ್ಲಿ ಇರಬೇಕಾಗಿದೆ. ನಮಗೆ ಏನು ಬೇಕೆಂಬುದನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಬರೆಯುವುದು, ಬರೆದುದನ್ನು ಇನ್ನೊಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳುವುದು, ‘ಇರಲಿ’ ಎಂದುದು ನಿಜಕ್ಕೂ ಇರಬೇಕಾದುದೇ ಎಂದು ಮತ್ತೊಮ್ಮೆ ಯೋಚಿಸುವುದು: ಇವು ಎಂಜಿನಿಯರಿಂಗ್ ಕಾಲೇಜಿನವು ಎಷ್ಟೋ ಭಾಷಾ ತರಗತಿಯವೂ ಅಷ್ಟೇ.

ನಮ್ಮ ಕಾಲೇಜುಗಳಲ್ಲಿ ನಡೆಯುತ್ತಿರುವುದಾದರೂ ಏನು? ನಾನು ಕಂಡಷ್ಟರ ಮಟ್ಟಿಗೆ, ಉಪಕರಣಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಯಾರೋ ಬರೆದ ಫೈಲನ್ನು ನಕಲು ಮಾಡಿ, ಎರಡು ಸಾಲು ಬದಲಿಸಿ, ನಡೆಯಿತೆಂದರೆ ಅಂಕ ಕೊಡುತ್ತಾರೆ. ಹೆಸರುಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ, ಉಳಿಯುವುದು ಆಲೋಚನೆ. ಅದಕ್ಕಾಗಿ ನನ್ನ ಸೂಚನೆ ಎರಡು. ಮೊದಲು ಹುಡುಗರು ಒಂದು ಯಂತ್ರವನ್ನಾದರೂ ಕೈಯಾರೆ ಕಟ್ಟಿ, ಕೆಡಿಸಿ, ಸರಿಪಡಿಸಲಿ. ನಲ್ಲಿ ಬಂದ ಮೇಲೆ ಬಾವಿಯಿಂದ ಸೇದುವುದನ್ನು ಮರೆತ ಮನೆಗೆ, ನಲ್ಲಿ ನಿಂತ ದಿನ ಬಾಯಾರಿಕೆಯೇ ಗತಿ. ಆಮೇಲೆ, ತಾವು ಬರೆದ ಪ್ರತಿಯೊಂದು ಫೈಲನ್ನೂ ತಮ್ಮ ನುಡಿಯ ನಾಲ್ಕು ವಾಕ್ಯಗಳಲ್ಲಿ ವಿವರಿಸಲಿ. ವಿವರಿಸಲಾರದವನಿಗೆ ಅದು ತಿಳಿದಿಲ್ಲ. ಇದಕ್ಕೆ ದುಬಾರಿ ಪ್ರಯೋಗಶಾಲೆ ಬೇಕಾಗಿಲ್ಲ. ಸಿಎಫ್ ಎಂಜಿನ್ನಿನ ಮತ್ತು ಕುಬರ್ನೆಟಿಸ್ಸಿನ ಮೂಲಬರಹಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಬೇಕಾದುದು ಓದುವ ಅಧ್ಯಾಪಕ.

ಮುಂದಿನ ಸಲ ಆ ಹುಡುಗ ಬಂದಾಗ ಅವನ ಫೈಲೊಂದನ್ನು ಕನ್ನಡದಲ್ಲಿ ಓದಿ ಹೇಳೆಂದೆ. ಮೊದಲು ಸಂಕೋಚಪಟ್ಟ. ಆಮೇಲೆ ನಿಧಾನವಾಗಿ, “ಮೂರು ಪ್ರತಿಗಳಿರಲಿ, ಪ್ರತಿಯೊಂದಕ್ಕೂ ಇಷ್ಟು ಜಾಗವಿರಲಿ, ಹೊರಗಿನವರಿಗೆ ಈ ಒಂದು ಬಾಗಿಲು ಮಾತ್ರ ತೆರೆದಿರಲಿ” ಎಂದು ಓದುತ್ತ ಹೋಗಿ, ಒಂದೆಡೆ ತಡೆದು ನಿಂತ. ಅಲ್ಲಿ ಎರಡನೆಯ ಬಾಗಿಲೊಂದು ತೆರೆದೇ ಇತ್ತು. ಯಾವಾಗಲೋ ಎಲ್ಲಿಂದಲೋ ನಕಲು ಮಾಡಿಕೊಂಡಾಗ ಜೊತೆಗೆ ಬಂದ ಸಾಲಂತೆ. “ಇದು ಇರಲಿ ಎಂದವರು ಯಾರಪ್ಪ, ‘ಅದೇ’ಯೋ?” ಎಂದು ಕೇಳಿದೆ. ಈ ಸಲ ಆತ ನಗಲಿಲ್ಲ. “ನಾನೇ, ಮೇಷ್ಟ್ರೇ” ಎಂದ.