ಗುಡ್ಡದ ತರಗೆಲೆಗೆ ಬೆಂಕಿ ಬೇಡ

ಬೇಸಿಗೆಯಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಹೋದವರಿಗೆ ಅದು ಕಾಡೆಂದು ಅನ್ನಿಸುವುದೇ ಕಷ್ಟ. ಬಂಡೆಗಲ್ಲು, ಕಾರೆ, ಕವಳೆ, ಎಲೆ ಉದುರಿಸಿ ನಿಂತ ಮರಗಳು. ಆದರೂ 2013ರಲ್ಲಿ ಸರ್ಕಾರ ಇದನ್ನು ಕರಡಿಧಾಮವೆಂದು ಘೋಷಿಸಿತು. ಕರಡಿಗೆ ಬೇಕಾದ ಹಣ್ಣೂ ಗೆದ್ದಲೂ ಇಲ್ಲಿವೆ. ಆ ಗೆದ್ದಲೇ ಈ ನೆಲದ ಸಾರವನ್ನೂ ಕಾಯುತ್ತಿದೆ.

ಮಲೆನಾಡಿನ ತೇವಕ್ಕೆ ಉದುರಿದೆಲೆ ಬೇಗ ಕೊಳೆಯುತ್ತದೆ. ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ತೇವ ಉಳಿಯುವುದು ಕೆಲವೇ ತಿಂಗಳು. ಮಿಕ್ಕ ಕಾಲ ದುಡಿಯುವುದು ಗೆದ್ದಲು. ಒಣ ಎಲೆ, ಕಡ್ಡಿ, ಸಗಣಿಯನ್ನು ಹುತ್ತದೊಳಕ್ಕೆ ಒಯ್ದು ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಕಟ್ಟಿಗೆಯ ಗಡಸು ಲಿಗ್ನಿನ್ ಅನ್ನು ಒಡೆಯುವುದು ಈ ಶಿಲೀಂಧ್ರ. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಅಣಬೆಯೂ ಅದರದೇ. ಗೆದ್ದಲು ಆಳದ ಜೇಡಿಯನ್ನು ಮೇಲಕ್ಕೆ ತರುತ್ತದೆ, ಅದು ಕೊರೆದ ದಾರಿಗಳಲ್ಲಿ ನೀರು ಇಂಗುತ್ತದೆ. ಕರಡಿ ಹುತ್ತ ಬಗೆದಾಗ ಆ ಮಣ್ಣು ಸುತ್ತ ಚೆಲ್ಲುತ್ತದೆ. ಕರಡಿ ತಿಂದ ಹಣ್ಣಿನ ಬೀಜ ಅದರ ಹಿಕ್ಕೆಯೊಂದಿಗೆ ಬೇರೆಡೆ ಬಿದ್ದು ಮೊಳೆಯುತ್ತದೆ.

ಕಾದ ನೆಲ ಮುಂಗಾರಿನ ಮೊದಲ ಹನಿಗೆ ನೆಂದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಸಾರಜನಕವನ್ನು ಬಿಡಿಸಿಕೊಡುತ್ತವೆ. ಕೀನ್ಯಾದಲ್ಲಿ ಸಂಶೋಧನೆ ಮಾಡುತ್ತಿದ್ದ ಬರ್ಚ್ 1958ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಆದರೆ ಬಿಡಿಸಿಕೊಡಲು ನೆಲದಲ್ಲಿ ಏನಾದರೂ ಇರಬೇಕಲ್ಲ!

ಇರುವುದನ್ನೇ ಸುಡಲಾಗುತ್ತಿದೆ. ಹೊಸ ಹುಲ್ಲು ಚಿಗುರುತ್ತದೆಂದು ಗುಡ್ಡಕ್ಕೆ ಬೆಂಕಿ ಹಚ್ಚುವುದುಂಟು. ಹುಲ್ಲು ಚಿಗುರುವುದು ನಿಜವೇ. ಆದರೆ ತರಗೆಲೆಯ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿಯುವ ರಂಜಕ, ಪೊಟ್ಯಾಶ್, ಸುಣ್ಣವನ್ನು ಇಳಿಜಾರಿನ ಮೇಲೆ ಮೊದಲ ಜಡಿಮಳೆಯೇ ಕೊಚ್ಚಿಕೊಂಡು ಹೋಗುತ್ತದೆ.

ನಷ್ಟ ಗುಡ್ಡದಲ್ಲಿ ನಿಲ್ಲುವುದಿಲ್ಲ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ರೈತರು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಹಗಲು ಗುಡ್ಡ, ಗೋಮಾಳದಲ್ಲಿ ಮೇಯ್ದ ಮಂದೆ ರಾತ್ರಿ ಹೊಲದಲ್ಲಿ ಹಿಕ್ಕೆ, ಗಂಜಲ ಬಿಡುತ್ತದೆ. ಅಂದರೆ ಜೋಳ, ಸಜ್ಜೆ, ಶೇಂಗಾದ ಹೊಲಕ್ಕೆ ಗುಡ್ಡದ ಸಾರ ಕುರಿಯ ಕಾಲಿನ ಮೇಲೆ ಬರುತ್ತದೆ. ಗುಡ್ಡ ಬರಡಾದರೆ ಈ ದಾರಿಯೂ ಬತ್ತುತ್ತದೆ. ಹಾಗೆಂದು ಕುರಿಗಾರರನ್ನು ಅಲ್ಲಿಂದ ಓಡಿಸುವುದು ಪರಿಹಾರವಾಗದು. ಸರದಿಯ ಮೇಲೆ ಮೇಯಿಸುವ ಏರ್ಪಾಡು ಆಗಲಿ, ಅದನ್ನು ಅವರ ಜೊತೆ ಕೂತೇ ಮಾಡಬೇಕು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಹೀಗೆ ಸಾರ ಹೊತ್ತು ತರುವ ಕೆಲಸ ಹಕ್ಕಿಗಳದು. 98.76 ಹೆಕ್ಟೇರಿನ ಈ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್‌ಸರ್ ಪಟ್ಟಿ ಸೇರಿತು. ಸುತ್ತಲ ನೀರಿನಲ್ಲಿ ಮೇಯ್ದ ಕೊಕ್ಕರೆ, ಕೆಂಬರಲುಗಳು ಕರಿಜಾಲಿಯ ಮೇಲೆ ಕೂರುತ್ತವೆ, ಅವುಗಳ ಹಿಕ್ಕೆ ಕೆರೆಗೆ ಬೀಳುತ್ತದೆ. ಜಾಲಿ ತಾನೂ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಮರ. ಹಳ್ಳಿಯವರು ಕೆರೆ ಹೂಳಿಗೆ ಬೆಲೆ ಕೊಡುವುದು ಸುಮ್ಮನಲ್ಲ.

2015ರಿಂದ ಹೊಲಗಳಿಗೆ ಮಣ್ಣು ಆರೋಗ್ಯ ಚೀಟಿ ಕೊಡಲಾಗುತ್ತಿದೆ. ಗುಡ್ಡದ ಮಣ್ಣಿಗೂ ಅದೇ ಪರೀಕ್ಷೆ ಆಗಲಿ. ಅರಣ್ಯ ಇಲಾಖೆ ನೆಟ್ಟ ಸಸಿಗಳ ಲೆಕ್ಕದ ಜೊತೆಗೆ ಸಸಿಯ ಬುಡದ ಸಾವಯವ ಇಂಗಾಲವನ್ನೂ ಅಳೆಯಬೇಕು, ಗುಂಡಿ ತೋಡುವಾಗ ಹುತ್ತಗಳನ್ನು ಉಳಿಸಬೇಕು. ಪಂಚಾಯಿತಿಗಳ ಜೀವವೈವಿಧ್ಯ ಸಮಿತಿಗಳು ಬೇಸಿಗೆ ಬಲಿಯುವ ಮೊದಲೇ ಬೆಂಕಿರೇಖೆ ತೆಗೆಸಿ, ಕಾವಲಿಗೆ ಊರಿನವರನ್ನೇ ಕೂಲಿ ಕೊಟ್ಟು ನೇಮಿಸಿಕೊಳ್ಳಲಿ.