ಗ್ಯಾಲರಿಯಿಂದ ಆಟದ ಚಿತ್ರ

ಕ್ರಿಕೆಟ್ ಪಂದ್ಯವನ್ನು ನೋಡಿಬಂದ ವಿದ್ಯಾರ್ಥಿಗಳು ಮರುದಿನ ತಮ್ಮ ಫೋನಿನಲ್ಲಿ ತೋರಿಸುವ ಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು. ವಿಶಾಲವಾದ ಹಸುರು ಬಯಲು, ಅದರ ನಡುವೆ ಸಾಸಿವೆ ಚೆಲ್ಲಿದಂತೆ ಆಟಗಾರರು. ಅವರಲ್ಲಿ ದಾಂಡಿಗನಾರು, ಅಂಪೈರನಾರು ಎಂಬುದು ಬೆರಳಿಟ್ಟು ತೋರಿಸಿದ ಮೇಲೆಯೇ ತಿಳಿಯಬೇಕು. “ಏನು ಮಾಡುವುದು ಸಾರ್, ಬಹಳ ದೂರ ಕುಳಿತಿದ್ದೆವು, ದೊಡ್ಡ ಲೆನ್ಸ್ ಇರಲಿಲ್ಲ” ಎಂಬ ಸಮಾಧಾನವೂ ಜೊತೆಗೇ ಬರುವುದು. ಈ ಸಮಾಧಾನವನ್ನು ನಾವು ಒಪ್ಪಲಾರೆವು. ದೂರದಲ್ಲಿ ಕುಳಿತು, ಹತ್ತಿರ ನಿಂತವನ ಚಿತ್ರವನ್ನು ತೆಗೆಯಲು ಹೊರಟುದರಿಂದಲೇ ಆ ಚಿತ್ರಗಳು ಕೆಟ್ಟಿವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಸ್ವಲ್ಪ ಲೆಕ್ಕ. 1.75 ಮೀಟರ್ ಎತ್ತರದ ದಾಂಡಿಗನು 80 ಮೀಟರ್ ದೂರದಲ್ಲಿ ನಿಂತರೆ ನಮ್ಮ ಕಣ್ಣಿನಲ್ಲಿ ಅವನು ಏರ್ಪಡಿಸುವ ಕೋನ ಒಂದೂಕಾಲು ಡಿಗ್ರಿ ಮಾತ್ರ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮರಾವನ್ನು ಅಡ್ಡವಾಗಿ ಹಿಡಿದಾಗ ಅದು ಮೇಲಿನಿಂದ ಕೆಳಕ್ಕೆ ಸುಮಾರು 50 ಡಿಗ್ರಿಯಷ್ಟು ನೋಟವನ್ನು ಒಳಗೊಳ್ಳುವುದು. ಆದುದರಿಂದ 3,000 ಚುಕ್ಕಿಗಳಷ್ಟು ಎತ್ತರದ ಚಿತ್ರದಲ್ಲಿ ದಾಂಡಿಗನ ಪಾಲಿಗೆ ಬರುವುದು ಅರುವತ್ತೋ ಎಪ್ಪತ್ತೋ ಚುಕ್ಕಿಗಳು. ತೆರೆಯ ಮೇಲೆ ಎರಡು ಬೆರಳನ್ನು ಅಗಲಿಸಿ ಅವನನ್ನು ಹಿಗ್ಗಿಸಬಹುದು. ಮಸೂರದ ನೆರವಿಲ್ಲದೆ ಹಾಗೆ ಹಿಗ್ಗಿಸುವುದೆಂದರೆ ಹಿಟ್ಟನ್ನು ಹೆಚ್ಚಿಸದೆ ರೊಟ್ಟಿಯನ್ನು ತಟ್ಟುತ್ತಲೇ ಹೋದಂತೆ. ಇಂದಿನ ಕೆಲವು ಫೋನುಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಊಹೆ ಎಷ್ಟೇ ಜಾಣತನದ್ದಾಗಲಿ, ಅದು ಆ ದಿನ ಮೈದಾನದಿಂದ ಬಂದ ಬೆಳಕಲ್ಲ.

ಹೋಗಲಿ, ದೊಡ್ಡ ಮಸೂರವೇ ದೊರೆಯಿತೆನ್ನೋಣ. ಆಗಲೂ ಒಂದು ಸಂಗತಿ ಬದಲಾಗದು. ಚಿತ್ರದಲ್ಲಿ ಯಾವುದು ಯಾವುದಕ್ಕಿಂತ ಎಷ್ಟು ದೊಡ್ಡದು, ಯಾವುದು ಯಾವುದನ್ನು ಮರೆಮಾಡುತ್ತದೆ ಎಂಬುದನ್ನು ನಿರ್ಧರಿಸುವುದು ನಾವು ಕುಳಿತ ಜಾಗ. ಬೌಲರನ ಬೆನ್ನ ಹಿಂದೆ ಕುಳಿತಿದ್ದೇವೆ, ಬೌಲರನು 80 ಮೀಟರ್, ದಾಂಡಿಗನು 100 ಮೀಟರ್ ದೂರದಲ್ಲಿದ್ದಾರೆ ಎನ್ನಿ. ಸಮಾನ ಎತ್ತರದವರಾದರೆ ಚಿತ್ರದಲ್ಲಿ ಅವರ ಎತ್ತರಗಳ ಪ್ರಮಾಣ 5:4. ಅಗ್ಗದ ಫೋನಿನಲ್ಲಿಯೂ ಅಷ್ಟೆ, ಲಕ್ಷಗಟ್ಟಲೆ ಬೆಲೆಯ ಮಸೂರದಲ್ಲಿಯೂ ಅಷ್ಟೆ. ಅವರ ನಡುವಿನ 20 ಮೀಟರ್ ನೆಲ ಮಡಿಚಿಟ್ಟಂತಾಗಿ ಇಬ್ಬರೂ ಒತ್ತಾಗಿ ಕಾಣುವರು; ಟೆಲಿವಿಷನ್ನಿನಲ್ಲಿ ಪಿಚ್ಚು ಗಿಡ್ಡವಾಗಿ ತೋರುವುದು ಇದರಿಂದಲೇ. ಪಿಚ್ಚಿಗೆ ಅಡ್ಡಲಾಗಿ ಕುಳಿತವನಿಗಾದರೋ ಅದೇ ಪಿಚ್ಚು 14 ಡಿಗ್ರಿಯಷ್ಟು ಹರಡಿಕೊಂಡು ನಡುವೆ ಬರಿಯ ನೆಲ ಉಳಿಯುವುದು. ಒಂಟಿ ಓಟವನ್ನು ಕದಿಯುವ ಜೋಡಿಯನ್ನು ತೋರಿಸಲು ಈ ಜಾಗ ಒಳ್ಳೆಯದು. ಬೌಲರನಿಗೂ ದಾಂಡಿಗನಿಗೂ ನಡೆಯುವ ಹಣಾಹಣಿಗೆ ಮೊದಲಿನದೇ ಸರಿ. ಚಿತ್ರದ ಅರ್ಧ ಕೆಲಸ ಟಿಕೆಟ್ಟನ್ನು ಕೊಳ್ಳುವಾಗಲೇ ಮುಗಿದಿರುತ್ತದೆ.

ಮುಂದಿನ ಸಾಲಿಗಾಗಿ ಜನ ನೂಕಾಡುವುದನ್ನು ನೋಡಿದಾಗಲೆಲ್ಲ ನಮಗೆ ಸಮರೂಪ ತ್ರಿಭುಜಗಳ ನೆನಪಾಗುತ್ತದೆ. ಮುಂದಿನ ಸಾಲಿನವನ ಕಣ್ಣು ನೆಲದಿಂದ 2 ಮೀಟರ್ ಮೇಲಿದೆಯೆನ್ನೋಣ. 80 ಮೀಟರ್ ದೂರದ ದಾಂಡಿಗನ ನೆತ್ತಿಯನ್ನು ಸವರಿಕೊಂಡು ಹೋಗುವ ದೃಷ್ಟಿರೇಖೆ ನೆಲವನ್ನು ಮುಟ್ಟಬೇಕಾದರೆ 640 ಮೀಟರ್ ಸಾಗಬೇಕು. ಅಷ್ಟು ದೊಡ್ಡ ಮೈದಾನ ಎಲ್ಲಿದೆ? ರೇಖೆ ನಡುವೆಯೇ ಜಾಹೀರಾತಿನ ಹಲಗೆಗೋ ಎದುರು ಗ್ಯಾಲರಿಯ ಜನಕ್ಕೋ ತಾಗುವುದು. ದಾಂಡಿಗನ ಕಿವಿಯ ಬಳಿ ಸಿಮೆಂಟಿನ ಹೆಸರು ಮೊಳೆಯುವುದು ಹೀಗೆ. ಕಣ್ಣು 15 ಮೀಟರ್ ಎತ್ತರದಲ್ಲಿದ್ದರೆ ಅದೇ ರೇಖೆ ದಾಂಡಿಗನಿಂದ ಹತ್ತು ಹನ್ನೊಂದು ಮೀಟರ್ ಹಿಂದೆಯೇ ಹುಲ್ಲನ್ನು ಸೇರುವುದು. ಅವನ ಇಡೀ ದೇಹದ ಹಿಂದೆ ನಿರ್ಮಲವಾದ ಹಸುರು. ಹತ್ತಿರ ನಿಂತು ದೊಡ್ಡ ಮಸೂರದಿಂದ ತೆಗೆಯುವವನು ಹಿನ್ನೆಲೆಯನ್ನು ಮಂಜಾಗಿಸಿಕೊಳ್ಳಬಲ್ಲ. ಫೋನಿನ ಪುಟ್ಟ ಮಸೂರಕ್ಕೆ 80 ಮೀಟರ್ ದೂರದ ಆಟಗಾರನೂ 150 ಮೀಟರ್ ದೂರದ ಹಲಗೆಯೂ ಒಂದೇ ಸಮನೆ ಸ್ಪಷ್ಟ. ಆದುದರಿಂದ ಹಿನ್ನೆಲೆಯನ್ನು ಆರಿಸಿಕೊಳ್ಳುವ ಉಪಾಯ ನಮಗುಳಿದಿರುವುದು ಮೆಟ್ಟಿಲು ಹತ್ತುವುದೊಂದೇ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಓಡುವ ಕುದುರೆಯ ಚಿತ್ರಗಳನ್ನು ತೆಗೆದು ಜಗತ್ತನ್ನು ಬೆರಗುಗೊಳಿಸಿದ ಮೈಬ್ರಿಜ್ ಸಹ ಸಾಲು ಕ್ಯಾಮರಾಗಳನ್ನು ಹೂಡಿ ಸುಮ್ಮನಾಗಲಿಲ್ಲ. ಅವುಗಳ ಎದುರಿಗೆ ಬಿಳಿಯ ಹಿನ್ನೆಲೆಯನ್ನೂ ಕಟ್ಟಿಸಿದನು.

ಎತ್ತರದ ಸಾಲಿಗೆ ಇನ್ನೊಂದು ಬಳುವಳಿಯುಂಟು: ನೆರಳು. ಸಂಜೆ ಸೂರ್ಯನು ದಿಗಂತದಿಂದ 20 ಡಿಗ್ರಿ ಮೇಲಿರುವಾಗ 1.75 ಮೀಟರಿನ ಆಟಗಾರನ ನೆರಳು 4.8 ಮೀಟರ್ ಚಾಚಿರುತ್ತದೆ. ಅದು ನಮ್ಮ ದೃಷ್ಟಿಗೆ ಅಡ್ಡಲಾಗಿ ಬಿದ್ದಾಗ ಚುಕ್ಕಿಯಂತಿದ್ದ ಆಟಗಾರ ತನಗಿಂತ ಎರಡೂವರೆ ಪಾಲಿಗೂ ಮಿಕ್ಕಿದ ಆಕೃತಿಯೊಂದನ್ನು ಎಳೆದುಕೊಂಡು ಓಡುತ್ತಿರುವನು. ಗಡಿಯಂಚಿನಲ್ಲಿ ಕುಳಿತ ಪತ್ರಿಕಾ ಛಾಯಾಗ್ರಾಹಕನಿಗೆ ಈ ನೋಟ ಇಷ್ಟು ಚೆನ್ನಾಗಿ ದೊರೆಯದು.

ಇನ್ನು ಕಾಲದ ವಿಷಯ. ಬ್ಯಾಟಿನ ಸದ್ದು ಕೇಳಿದೊಡನೆ ಗುಂಡಿಯನ್ನು ಒತ್ತುವವರು ಬಹಳ ಮಂದಿ. ಆ ಸದ್ದು 80 ಮೀಟರ್ ಬರಲು 0.23 ಸೆಕೆಂಡ್ ಬೇಕು. ಕೇಳಿ ಬೆರಳಾಡಿಸಲು ಸುಮಾರು 0.2 ಸೆಕೆಂಡ್. ಅಷ್ಟರಲ್ಲಿ ಸೆಕೆಂಡಿಗೆ 30 ಮೀಟರ್ ವೇಗದಿಂದ ಹೊರಟ ಚೆಂಡು 12 ಮೀಟರ್ ದಾಟಿರುತ್ತದೆ. ಕಿವಿಯನ್ನು ನಂಬದೆ ಬೌಲರನ ತೋಳನ್ನು ನೋಡಿ ಮುಂಚಿತವಾಗಿ ಒತ್ತಬೇಕು. ಎತ್ತರ ಜಿಗಿತದಲ್ಲಿ ಪ್ರಕೃತಿಯೇ ನಮಗೆ ಬಿಡುವು ಕೊಡುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಿಂದ ಮೇಲೇರತೊಡಗಿದ ದೇಹ ಮೊದಲ 0.1 ಸೆಕೆಂಡಿನಲ್ಲಿ 35 ಸೆಂಟಿಮೀಟರ್ ಏರಿದರೆ, ನೆತ್ತಿಯನ್ನು ಮುಟ್ಟುವ ಕೊನೆಯ 0.1 ಸೆಕೆಂಡಿನಲ್ಲಿ ಏರುವುದು 5 ಸೆಂಟಿಮೀಟರ್ ಮಾತ್ರ. ಆ ತುದಿಯನ್ನು ಕಾಯ್ದುಕೊಂಡವನಿಗೆ ಸಾಧಾರಣ ಕ್ಯಾಮರಾವೂ ಸಾಕು. ಒಂದೇ ಒತ್ತಿಗೆ ಮೂವತ್ತು ಚಿತ್ರಗಳನ್ನು ತೆಗೆಯುವ ಅನುಕೂಲವಿರುವಾಗ ಇಷ್ಟು ಕಾಯುವುದೇಕೆ ಎಂದು ಕೇಳಬಹುದು. ಮೂವತ್ತರಲ್ಲಿಯೂ ಹಿನ್ನೆಲೆ ಒಂದೇ, ಜಾಗ ಒಂದೇ. ಕೆಟ್ಟುದಾಗಿದ್ದರೆ ಮೂವತ್ತೂ ಕೆಟ್ಟುವೇ.

1937ರಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೋದ ಫ್ರಾನ್ಸಿನ ಕಾರ್ತಿಯೇ ಬ್ರೆಸೊನ್, ದೊರೆಯನ್ನು ಬಿಟ್ಟು ನೋಡಲು ನೆರೆದಿದ್ದ ಜನರ ಚಿತ್ರಗಳನ್ನು ತೆಗೆದನು. ಗ್ಯಾಲರಿಯಲ್ಲಿ ಕುಳಿತವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ತೋರದು. ಮುಂದಿನ ಸಾಲಿನ ತಲೆಗಳು ಅಡ್ಡ ಬಂದುವೆಂದು ಗೊಣಗುವ ಬದಲು ಅವನ್ನೇ ಚಿತ್ರದ ಕೆಳಗಿನ ಮೂರನೆಯ ಒಂದು ಪಾಲಿಗೆ ಸೇರಿಸಿಕೊಳ್ಳಿ. ಮೇಲೆತ್ತಿದ ಕೈಗಳ ಆಚೆ ಸಣ್ಣದಾಗಿ ಕಾಣುವ ಆಟಗಾರನಿಗೆ ಆಗ ದೂರವೇ ಅರ್ಥವನ್ನು ಕೊಡುವುದು.

ಇದೆಲ್ಲ ದೊಡ್ಡ ಪಂದ್ಯಗಳಿಗಿಂತ ನಮ್ಮ ತಾಲ್ಲೂಕು ಕ್ರೀಡಾಕೂಟಗಳಿಗೆ ಹೆಚ್ಚಾಗಿ ಬೇಕಾದುದು. ದೊಡ್ಡ ಪಂದ್ಯಕ್ಕೆ ಪತ್ರಿಕೆಯವರಿದ್ದಾರೆ. ನಿಮ್ಮ ಚಿತ್ರ ಕೆಟ್ಟರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಪ್ರೌಢಶಾಲೆಯ ಹುಡುಗಿಯೊಬ್ಬಳು 400 ಮೀಟರ್ ಓಟವನ್ನು ಗೆದ್ದಳೆಂಬುದಕ್ಕೆ, ಸಹಪಾಠಿಯೊಬ್ಬನು ಕಲ್ಲುಮೆಟ್ಟಿಲಿನಿಂದ ತೆಗೆದ ಚಿತ್ರವನ್ನು ಬಿಟ್ಟರೆ ಬೇರೆ ದಾಖಲೆಯೇ ಇಲ್ಲದಿರಬಹುದು. ಅವಳ ಮನೆಯವರು ಅದನ್ನು ಮುದ್ರಿಸಿ ಗೋಡೆಗೆ ತೂಗುಹಾಕುವರು. ಅದರಲ್ಲಿ ಅವಳ ತಲೆಯ ಮೇಲೆ ಧ್ವನಿವರ್ಧಕದ ಕಂಬ ನಿಂತಿರಬಾರದು; ಅವಳ ಮುಂದೆ ಓಡಲು ಸ್ವಲ್ಪ ನೆಲವಿರಬೇಕು, ಹಿಂದೆ ಸುಣ್ಣದ ಗೆರೆಗಳು ತಿರುವಿನತ್ತ ಬಾಗಿರಬೇಕು, ಸಾಧ್ಯವಾದರೆ ಎರಡನೆಯವಳೂ ಕಾಣಬೇಕು. ಓಟಗಾರರು ಗೆರೆಯ ಬಳಿ ಸೇರುತ್ತಿರುವಾಗಲೇ ಎದ್ದು ನಾಲ್ಕು ಮೆಟ್ಟಿಲು ಮೇಲಕ್ಕೆ ಹೋಗಿ, ಕೊನೆಯ ತಿರುವಿನ ಹಿಂದೆ ಏನಿದೆಯೆಂದು ನೋಡಿಕೊಂಡು ಕುಳಿತರೆ ಇಷ್ಟೂ ಆಗುವುದು.