ಗೋಗ್‌ನನ್ನು ಹುಡುಕುವವರು ಆಮೋಸನನ್ನೂ ಓದಲಿ

2022ರ ಫೆಬ್ರುವರಿಯಲ್ಲಿ ರಷ್ಯಾ ಸೇನೆ ಉಕ್ರೇನಿಗೆ ನುಗ್ಗಿದ ಕೆಲವೇ ದಿನಗಳಲ್ಲಿ ಅಮೆರಿಕದ ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಅದಕ್ಕೊಂದು ಅರ್ಥ ಹೇಳಿದರು. ಪುಟಿನ್ ಅವರನ್ನು ದೇವರೇ ಪ್ರೇರೇಪಿಸುತ್ತಿದ್ದಾನೆ, ಉಕ್ರೇನ್ ದಾರಿಯಷ್ಟೆ, ಗುರಿ ಇಸ್ರೇಲ್ ಎಂಬುದು ಅವರ ವಾದ. ಅದಕ್ಕೆ ಆಧಾರ ಯೆಹೆಜ್ಕೇಲನ ಪ್ರವಾದನೆಯ 38ನೇ ಅಧ್ಯಾಯ, ಅಲ್ಲಿ ಬರುವ ಮಾಗೋಗ್ ದೇಶದ ಗೋಗ್.

ಗೋಗ್ ಯಾರೆಂದು ಖಚಿತವಾಗಿ ಹೇಳಿದವರಲ್ಲಿ ರಾಬರ್ಟ್‌ಸನ್ ಮೊದಲಿಗರಲ್ಲ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್‌ಗೆ ಮಾಗೋಗ್ ಎಂದರೆ ಸಿಥಿಯನ್ನರು. ನಾಲ್ಕನೇ ಶತಮಾನದ ಮಿಲಾನಿನ ಬಿಷಪ್ ಆಂಬ್ರೋಸ್‌ಗೆ ರೋಮಿನ ಗಡಿ ಮುರಿದ ಗೋಥರು, ಮಾರ್ಟಿನ್ ಲೂಥರ್‌ಗೆ ತುರ್ಕರು. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ ರಷ್ಯಾದತ್ತ ಬೆರಳು ತೋರಿತು. 1970ರಲ್ಲಿ ಹಾಲ್ ಲಿಂಡ್ಸೆ ಬರೆದ ಪುಸ್ತಕ ಲಕ್ಷಾಂತರ ಮನೆಗಳಿಗೆ ಅದನ್ನೇ ತಲುಪಿಸಿತು. ಪ್ರಕಟನೆ ಗ್ರಂಥದಲ್ಲಿ ಬರುವ ಮೃಗದ ಹತ್ತು ಕೊಂಬುಗಳೆಂದರೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ರಾಷ್ಟ್ರಗಳು ಎಂದೂ ಅವರು ಸೂಚಿಸಿದ್ದರು. 1981ರಲ್ಲಿ ಗ್ರೀಸ್ ಸೇರಿ ಸದಸ್ಯರ ಸಂಖ್ಯೆ ಹತ್ತಾದದ್ದು ನಿಜ. ಇಂದು ಅದರಿಂದ ಬೆಳೆದ ಯುರೋಪಿಯನ್ ಒಕ್ಕೂಟದಲ್ಲಿ 27 ದೇಶಗಳಿವೆ. ಸೋವಿಯತ್ ಒಕ್ಕೂಟ 1991ರಲ್ಲೇ ಮುಗಿಯಿತು.

ಪ್ರತಿ ಪೀಳಿಗೆಯೂ ತನ್ನ ಕಾಲದ ಶತ್ರುವನ್ನೇ ಗೋಗ್ ಎಂದಿತು. ಪಠ್ಯದಿಂದ ಹೊರಟು ಯಾರೂ ಶತ್ರುವನ್ನು ತಲುಪಲಿಲ್ಲ. ಶತ್ರುವನ್ನು ಮೊದಲೇ ಗೊತ್ತುಮಾಡಿಕೊಂಡು ಪಠ್ಯಕ್ಕೆ ಬಂದರು.

ಪ್ರವಾದಿಗಳು ಹೀಗೆ ಮಾತಾಡಿದವರಲ್ಲ. ಕ್ರಿಸ್ತಪೂರ್ವ ಎಂಟನೇ ಶತಮಾನದ ಆಮೋಸ ತೆಕೋವ ಊರಿನ ಕುರುಬ. ಬೇತೇಲಿನ ರಾಜಮಂದಿರದಲ್ಲಿ ನಿಂತು ನೆರೆರಾಜ್ಯಗಳ ಮೇಲೆ ಅವನು ಹೊರಿಸಿದ ಆರೋಪಗಳನ್ನು ನೋಡಬೇಕು. ದಮಸ್ಕದವರು ಗಿಲ್ಯಾದಿನ ಜನರನ್ನು ಕಬ್ಬಿಣದ ಹಂತಿಯಿಂದ ತುಳಿಸಿದರು. ಗಾಜದವರು ಊರಿಗೆ ಊರನ್ನೇ ಸೆರೆಹಿಡಿದು ಗುಲಾಮರಾಗಿ ಮಾರಿದರು. ಅಮ್ಮೋನಿಯರು ಗಡಿ ವಿಸ್ತರಿಸಲು ಗರ್ಭಿಣಿಯರ ಹೊಟ್ಟೆ ಸೀಳಿದರು. ಮೋವಾಬಿನವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು. ಎದೋಮ್ ಸ್ವತಃ ಇಸ್ರಾಯೇಲ್ಯರ ವೈರಿ, ಆದರೂ ಅದಕ್ಕಾದ ಅವಮಾನ ಲೆಕ್ಕದಿಂದ ಬಿಟ್ಟುಹೋಗಲಿಲ್ಲ. ಕೇಳುಗರು ತಲೆದೂಗುತ್ತಿದ್ದಿರಬೇಕು. ಆಗ ಅವನು ಯೆಹೂದದ ಕಡೆಗೂ, ಕೊನೆಗೆ ಎದುರಿಗೇ ಇದ್ದ ಇಸ್ರಾಯೇಲಿನ ಕಡೆಗೂ ತಿರುಗಿದ: ನೀವು ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದ್ದೀರಿ. ಯಾಜಕ ಅಮಚ್ಯ ಅವನನ್ನು ಊರು ಬಿಟ್ಟು ಹೋಗೆಂದ.

ಯೋನನ ಕಥೆ ಇನ್ನೂ ಸ್ಪಷ್ಟ. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುತ್ತದೆ ಎಂದು ಅವನು ಸಾರಿದ. ಜನ ಪಶ್ಚಾತ್ತಾಪಪಟ್ಟರು, ನಗರ ಉಳಿಯಿತು. ಪ್ರವಾದನೆ ಇಲ್ಲಿ ಎಚ್ಚರಿಕೆಯಾಗಿತ್ತು, ಬದಲಾಗದ ವೇಳಾಪಟ್ಟಿಯಾಗಿರಲಿಲ್ಲ.

ಇದು ಬರೀ ಪಂಡಿತರ ಜಗಳವಲ್ಲ. 2011ರ ನಂತರ ಸಿರಿಯಾ ಹೊತ್ತಿ ಉರಿಯುವಾಗ, ದಮಸ್ಕ ಹಾಳುದಿಬ್ಬವಾಗುವುದೆಂಬ ಯೆಶಾಯನ 17ನೇ ಅಧ್ಯಾಯ ಇದೀಗ ನೆರವೇರುತ್ತಿದೆ ಎಂದು ಹಲವು ಬೋಧಕರು ಸಾರಿದರು. ಆದರೆ ಕ್ರಿಸ್ತಪೂರ್ವ 732ರಲ್ಲೇ ಅಶ್ಶೂರದ ಅರಸ ಮೂರನೇ ತಿಗ್ಲತ್ ಪಿಲೆಸರ್ ಆ ನಗರವನ್ನು ಗೆದ್ದಿದ್ದ. ಸಿರಿಯಾದ ಈ ಯುದ್ಧದಲ್ಲಿ ಬಾಂಬಿನಡಿ ಸತ್ತವರಲ್ಲಿ ದಮಸ್ಕದ ಪುರಾತನ ಕ್ರೈಸ್ತ ಸಮುದಾಯದವರೂ ಇದ್ದರು. ವಿಧಿಲಿಖಿತವೆಂದು ನಂಬಿದ ಯುದ್ಧವನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಪತ್ರಿಕೆಯ ಸುದ್ದಿಯನ್ನು ವೇದಪೀಠಕ್ಕೆ ತರುವ ಬೋಧಕರು ಆಮೋಸನ ಮೊದಲ ಎರಡು ಅಧ್ಯಾಯಗಳನ್ನು ಪೂರ್ತಿ ಓದಲಿ. ಶತ್ರುವಿನ ಪಾಪದ ಬಳಿಕ ತಮ್ಮ ಮಿತ್ರರಾಷ್ಟ್ರದ ಪಾಪವನ್ನೂ, ತಮ್ಮ ದೇಶದ ಪಾಪವನ್ನೂ ಅದೇ ದನಿಯಲ್ಲಿ ಹೇಳಲಿ.